ಕನ್ನಡ ವಿಕಿಪೀಡಿಯ: ಬರೆಯುವವರಿಗೆ ಹೇಗಿದೆ?

ವಿಕಿಪೀಡಿಯ ಓದಿದವರು ಬೇಕಾದಷ್ಟು ಜನ ಇದ್ದಾರೆ. ಪರೀಕ್ಷೆಗೆ, ಕ್ವಿಜ್‌ಗೆ, ಯಾವುದೋ ದೇವಸ್ಥಾನ ಎಷ್ಟು ಹಳೆಯದು ಅಂತ ನೋಡೋಕೆ, ಎಲ್ಲರೂ ಒಂದಲ್ಲ ಒಂದು ಸಲ ಅಲ್ಲಿಗೆ ಹೋಗಿರುತ್ತಾರೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು, ಆದರೂ ಬರೆದವರು ಕಡಿಮೆ. ಕನ್ನಡದಲ್ಲಿ ಬರೆದವರು ಇನ್ನೂ ಕಡಿಮೆ. ಹಾಗಾಗಿ ಈ ವಿಮರ್ಶೆಯನ್ನು ಬರೆಯುವವರ ಕಡೆಯಿಂದ ಬರೆಯುತ್ತಿದ್ದೇನೆ. ಸಂಜೆ ಮೊಬೈಲ್ ಕೈಗೆ ಬಂದಾಗ ಆ ಹೊತ್ತನ್ನು ಎಲ್ಲಿ ಕಳೆದರೆ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವ ಹೆಸರು ಇದೇ. ಯಾಕೆ ಅಂತ ಹೇಳುತ್ತೇನೆ, ಕೊರತೆಗಳನ್ನೂ ಸೇರಿಸಿ.

ಮೊದಲು ಮೂಲ ವಿಷಯ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಇಂಗ್ಲಿಷ್ ವಿಕಿಪೀಡಿಯ ಬಂದದ್ದು 2001ರ ಜನವರಿಯಲ್ಲಿ, ಅಂದರೆ ನಾವೇನೂ ತುಂಬಾ ತಡವಾಗಿ ಹೊರಟವರಲ್ಲ. ಈಗ ಕನ್ನಡದಲ್ಲಿ 30 ಸಾವಿರಕ್ಕಿಂತ ಜಾಸ್ತಿ ಲೇಖನಗಳಿವೆ. ಪಕ್ಕದ ತಮಿಳಿನಲ್ಲಿ ಒಂದೂವರೆ ಲಕ್ಷ ದಾಟಿದೆ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಇಷ್ಟು ಜನಕ್ಕೆ 30 ಸಾವಿರ ಲೇಖನ ಯಾವ ಲೆಕ್ಕಕ್ಕೂ ಸಾಲದು. ಇದನ್ನು ನಡೆಸುವುದು ವಿಕಿಮೀಡಿಯ ಫೌಂಡೇಶನ್ ಅನ್ನುವ ಲಾಭಕ್ಕಾಗಿ ನಡೆಯದ ಸಂಸ್ಥೆ. ಹಣ ದೇಣಿಗೆಯಿಂದ ಬರುತ್ತದೆ. ಜಾಹೀರಾತು ಇಲ್ಲ. ಓದೋಕೆ ದುಡ್ಡಿಲ್ಲ, ಬರೆಯೋಕೂ ದುಡ್ಡಿಲ್ಲ, ಬರೆದವರಿಗೂ ದುಡ್ಡು ಸಿಗೋದಿಲ್ಲ. ಈ ಜಾಹೀರಾತು ಇಲ್ಲ ಅನ್ನುವ ಒಂದು ವಿಷಯ ಅಲ್ಲಿನ ಪೂರ್ತಿ ವಾತಾವರಣವನ್ನೇ ಹೇಗೆ ಬದಲಾಯಿಸುತ್ತದೆ ಅನ್ನೋದು ಬಳಸಿದ ಮೇಲೆ ಗೊತ್ತಾಗುತ್ತದೆ.

ಖಾತೆ ತೆರೆಯೋದು ಸುಲಭ. ಫೋನ್ ನಂಬರ್ ಕೇಳೋದಿಲ್ಲ. ಇಮೇಲ್ ಕೂಡ ಕಡ್ಡಾಯ ಅಲ್ಲ, ಆದರೆ ಪಾಸ್‌ವರ್ಡ್ ಮರೆತರೆ ಬೇಕಾಗುತ್ತದೆ, ಹಾಗಾಗಿ ಕೊಟ್ಟಿರಿ. ನಿಜವಾದ ಹೆಸರು ಹಾಕಲೇಬೇಕು ಅಂತಿಲ್ಲ. ನನ್ನ ಸಲಹೆ ಏನೆಂದರೆ, ಹೆಸರು ಆರಿಸುವ ಮುಂಚೆ ಎರಡು ನಿಮಿಷ ಯೋಚಿಸಿ. ಅಲ್ಲಿ ನೀವು ಮಾಡುವ ಪ್ರತಿಯೊಂದು ಬದಲಾವಣೆಯೂ ಆ ಹೆಸರಿನ ಕೆಳಗೆ, ದಿನಾಂಕ, ಸಮಯದ ಜೊತೆಗೆ, ಯಾರು ಬೇಕಾದರೂ ನೋಡುವ ಹಾಗೆ ಉಳಿಯುತ್ತದೆ. ಖಾತೆಯನ್ನು ಆಮೇಲೆ ಅಳಿಸೋಕೆ ಆಗೋದಿಲ್ಲ. ಹೆಸರು ಬದಲಿಸಿಕೊಡಿ ಅಂತ ಕೇಳಬಹುದು, ಅಷ್ಟೇ. ಯಾರು ಏನು ಬರೆದರು ಅನ್ನುವ ದಾಖಲೆ ಬೇಕಲ್ಲ, ಅದಕ್ಕೆ ಹೀಗೆ. ಇದು ಗೊತ್ತಿದ್ದೇ ಒಳಗೆ ಹೋಗುವುದು ಒಳ್ಳೆಯದು.

ಕನ್ನಡ ಟೈಪಿಂಗ್ ಬಗ್ಗೆ ತುಂಬಾ ಜನ ಹೆದರುತ್ತಾರೆ. ಕಾರಣವೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಬೇರೆ ಯಾವ ಸಾಫ್ಟ್‌ವೇರ್ ಹಾಕದಿದ್ದರೂ ವಿಕಿಪೀಡಿಯದ ಒಳಗೇ ಕನ್ನಡ ಟೈಪ್ ಮಾಡುವ ವ್ಯವಸ್ಥೆ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಬರುವ ಲಿಪ್ಯಂತರಣ ಇದೆ, ಭಾರತೀಯ ಭಾಷೆಗಳಿಗೆ ಅಂತ ಮಾಡಿದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದೆ, ನುಡಿ ಅಂತ ನಾವೆಲ್ಲ ಕರೆಯುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಇದೆ. ಕಂಟ್ರೋಲ್ ಮತ್ತು ಎಮ್ ಒಟ್ಟಿಗೆ ಒತ್ತಿದರೆ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಿ ಬರಬಹುದು. ಮೊಬೈಲ್‌ನಲ್ಲಾದರೆ ನಿಮ್ಮ ಮಾಮೂಲಿ ಕೀಬೋರ್ಡ್ ಸಾಕು. ಆದರೆ ಉದ್ದದ ಲೇಖನ ಮೊಬೈಲ್‌ನಲ್ಲಿ ಬರೆಯೋದು ಕಷ್ಟ, ಅದನ್ನು ಒಪ್ಪಬೇಕು. ಒಂದು ಕಾಗುಣಿತ ಸರಿ ಮಾಡೋದು, ಒಂದು ವಾಕ್ಯ ಸೇರಿಸೋದು, ಲೇಖನದ ತಲೆಬರಹದ ಕೆಳಗೆ ಬರುವ ಚಿಕ್ಕ ವಿವರಣೆ ಬರೆಯೋದು, ಇಷ್ಟು ಮೊಬೈಲ್‌ನಲ್ಲಿ ಆರಾಮಾಗಿ ಆಗುತ್ತದೆ. ಉಲ್ಲೇಖ (ಮಾಹಿತಿ ಎಲ್ಲಿಂದ ಬಂತು ಅನ್ನುವ ಆಧಾರ) ಕೊಡೋದು, ಪಟ್ಟಿ ಮಾಡೋದು ಎಲ್ಲ ಲ್ಯಾಪ್‌ಟಾಪ್‌ಗೆ ಬಿಡಿ. ನಿಮ್ಮ ಹೆಸರಲ್ಲೇ ಒಂದು ಪ್ರಯೋಗಪುಟ ಇರುತ್ತದೆ, ಅಲ್ಲಿ ಏನು ಗೀಚಿದರೂ ಯಾರ ಲೇಖನವೂ ಹಾಳಾಗೋದಿಲ್ಲ.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ.

ಇಲ್ಲಿ ಲೈಕ್ ಇಲ್ಲ. ಫಾಲೋವರ್ಸ್ ಇಲ್ಲ. ಬೆರಳು ಎಳೆದಷ್ಟೂ ಕೆಳಗೆ ಬರುತ್ತಲೇ ಇರುವ ಸಾಲು ಇಲ್ಲ. ನಿನ್ನೆ ನೀವು ಏನು ನೋಡಿದಿರಿ ಅಂತ ಲೆಕ್ಕ ಹಾಕಿ ಇವತ್ತು ಅದನ್ನೇ ಮುಂದಿಡುವ ಯಂತ್ರ ನಿಮ್ಮ ಲೇಖನದ ಮೇಲೆ ಕೂತಿಲ್ಲ. ಲೇಖನ ಓದುತ್ತಾ ಹೋದರೆ ಕೊನೆಯಲ್ಲಿ ಉಲ್ಲೇಖಗಳು ಬರುತ್ತವೆ, ಆಮೇಲೆ ಪುಟ ಮುಗಿಯುತ್ತದೆ. ಮುಗಿಯುವುದು ಅನ್ನೋದು ಎಷ್ಟು ದೊಡ್ಡ ಸಮಾಧಾನ ಅಂತ ಈಗಿನ ಆ್ಯಪ್‌ಗಳನ್ನು ಬಳಸಿದವರಿಗೆ ಗೊತ್ತಿರುತ್ತದೆ. ಒಂದು ಗಂಟೆ ರೀಲ್ಸ್ ನೋಡಿ ಎದ್ದರೆ ಏನು ನೋಡಿದೆ ಅಂತ ಹೇಳೋಕೆ ಬರೋದಿಲ್ಲ. ಒಂದು ಗಂಟೆ ಇಲ್ಲಿ ಕೂತು ಎದ್ದರೆ ನಿಮ್ಮ ಹೆಸರಿನ ಕೆಳಗೆ ಆ ಗಂಟೆ ಏನು ಮಾಡಿದಿರಿ ಅನ್ನುವ ಪಟ್ಟಿ ಇರುತ್ತದೆ, ಎರಡು ಪ್ಯಾರಾ, ಒಂದು ಫೋಟೋ, ನಾಲ್ಕು ತಪ್ಪು ತಿದ್ದಿದ್ದು, ಯಾವುದೋ ಪುಟದಲ್ಲಿ ಕೇಳಿದ ಒಂದು ಪ್ರಶ್ನೆ.

ಮೊಬೈಲ್ ಕಡಿಮೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಸ್ಕ್ರೀನ್ ಟೈಮ್ ಲೆಕ್ಕ ಹಾಕುವ ಆ್ಯಪ್ ಇದೆ, ಪರದೆಯನ್ನು ಕಪ್ಪು ಬಿಳುಪು ಮಾಡುವ ಉಪಾಯ ಇದೆ. ಅದೆಲ್ಲ ಇರಲಿ. ನನ್ನ ಪ್ರಕಾರ ಎಷ್ಟು ಹೊತ್ತು ಅನ್ನೋದಕ್ಕಿಂತ ಆ ಹೊತ್ತಲ್ಲಿ ಏನು ಮಾಡುತ್ತೇವೆ, ಯಾರ ಜೊತೆ ಹೇಗೆ ಮಾತಾಡುತ್ತೇವೆ ಅನ್ನೋದು ಮುಖ್ಯ. ವಿಕಿಪೀಡಿಯದಲ್ಲಿ ನಡೆಯುವ ಮಾತುಕತೆಯನ್ನೇ ನೋಡಿ. ಅಲ್ಲಿ ಪ್ರತಿ ಲೇಖನದ ಹಿಂದೆ ಒಂದು ಚರ್ಚೆ ಪುಟ ಇರುತ್ತದೆ. ಲೇಖನದ ಮೇಲ್ಗಡೆಯೇ ಅದರ ಕೊಂಡಿ ಇರುತ್ತದೆ, ಆದರೆ ಹೆಚ್ಚಿನವರು ಅದನ್ನು ಒತ್ತಿಯೇ ಇರೋದಿಲ್ಲ.

ಹಾಲೆ ಮರದ ಉದಾಹರಣೆ ತಗೊಳ್ಳಿ. ಆಟಿ ಅಮಾವಾಸ್ಯೆ ದಿನ ಕರಾವಳಿಯಲ್ಲಿ ಹಾಲೆ ಮರದ ಕೆತ್ತೆ, ಅಂದರೆ ತೊಗಟೆ, ತಂದು ಕಷಾಯ ಮಾಡಿ ಕುಡಿಯುತ್ತಾರೆ. ತುಳುವಿನಲ್ಲಿ ಪಾಲೆ ಅನ್ನುತ್ತಾರೆ, ಸಪ್ತಪರ್ಣಿ ಅಂದರೂ ಇದೇ, ವೈಜ್ಞಾನಿಕ ಹೆಸರು ಆಲ್‌ಸ್ಟೋನಿಯಾ ಸ್ಕೊಲಾರಿಸ್. ಈಗ ಚನ್ನಪಟ್ಟಣಕ್ಕೆ ಬನ್ನಿ. ಅಲ್ಲಿ ಗೊಂಬೆ ಮಾಡೋಕೆ ಬಳಸುವ ಮರಕ್ಕೂ ಹಾಲೆ ಮರ ಅಂತಲೇ ಹೆಸರು. ಆದರೆ ಅದು ರೈಟಿಯಾ ಟಿಂಕ್ಟೋರಿಯಾ, ಬೆಪ್ಪಾಲೆ ಅಂತಲೂ ಕರೆಯುತ್ತಾರೆ. ಎರಡೂ ಒಂದೇ ಕುಟುಂಬದವು, ಎರಡರಲ್ಲೂ ಬಿಳಿ ಹಾಲು ಬರುತ್ತದೆ, ಆದರೆ ಮರ ಬೇರೆ ಬೇರೆ. ಕರಾವಳಿಯ ಹಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ಎಲೆಗಳು ಗುಂಪಾಗಿ ಇರುತ್ತವೆ, ಸಾಮಾನ್ಯವಾಗಿ ಏಳರ ಹತ್ತಿರ. ಚನ್ನಪಟ್ಟಣದ ಹಾಲೆಯಲ್ಲಿ ಎಲೆಗಳು ಎದುರು ಬದುರಾಗಿ ಎರಡೆರಡು.

ಈ ವಿಷಯ ಒಂದು ವಾಟ್ಸಾಪ್ ಗುಂಪಿಗೆ ಬಂದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಒಬ್ಬರು ಯಾವುದೋ ಮರದ ಫೋಟೋ ಹಾಕಿ ಇದೇ ಹಾಲೆ, ನೂರು ರೋಗಕ್ಕೆ ಮದ್ದು ಅಂತ ಕಳಿಸುತ್ತಾರೆ. ಇನ್ನೊಬ್ಬರು ಇದಲ್ಲ ಅನ್ನುತ್ತಾರೆ. ಮೊದಲಿನವರು ನಮ್ಮಜ್ಜ ಕುಡಿದದ್ದು ಇದನ್ನೇ, ನಿಮಗೆ ಏನು ಗೊತ್ತು ಅನ್ನುತ್ತಾರೆ. ಅಷ್ಟರಲ್ಲಿ ಮೂರನೆಯವರು ಗುಡ್ ಮಾರ್ನಿಂಗ್ ಹೂವು ಹಾಕುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ, ತಪ್ಪು ಫೋಟೋ ಮಾತ್ರ ಮುಂದೆ ಹೋಗುತ್ತಲೇ ಇರುತ್ತದೆ. ಕುಡಿಯುವ ಕಷಾಯದ ವಿಷಯ ಇದು. ಮರದ ಗುರುತು ತಪ್ಪಿದರೆ ಜೀವಕ್ಕೆ ಅಪಾಯ.

ಅದೇ ವಿಷಯ ವಿಕಿಪೀಡಿಯದ ಚರ್ಚೆ ಪುಟಕ್ಕೆ ಬಂದರೆ ಮೊದಲ ಪ್ರಶ್ನೆಯೇ ಬೇರೆ ಇರುತ್ತದೆ: ಮೂಲ ಎಲ್ಲಿದೆ? ಯಾವ ಪುಸ್ತಕ, ಯಾವ ಪುಟ, ಎಲೆ ಹೇಗಿದೆ, ಫೋಟೋ ಎಲ್ಲಿ ತೆಗೆದದ್ದು? ನಿಮ್ಮಜ್ಜ ಹೇಳಿದ್ದು ಸುಳ್ಳು ಅಂತ ಯಾರೂ ಅನ್ನೋದಿಲ್ಲ. ಅಜ್ಜ ಹೇಳಿದ್ದನ್ನು ಬೇರೆಯವರು ಪರೀಕ್ಷಿಸಿ ನೋಡುವ ಹಾಗೆ ತೋರಿಸಿ ಅಂತ ಮಾತ್ರ ಕೇಳುತ್ತಾರೆ. ಇಬ್ಬರೂ ಸರಿ ಅಂತ ಕೊನೆಗೆ ಗೊತ್ತಾದರೆ ಎರಡು ಪುಟ ಮಾಡಿ, ಮೇಲೆ ಒಂದು ಸಾಲು ಹಾಕುತ್ತಾರೆ: ಇದೇ ಹೆಸರಿನ ಇನ್ನೊಂದು ಮರಕ್ಕೆ ಆ ಪುಟ ನೋಡಿ ಅಂತ. ಜಗಳಕ್ಕೆ ಇಷ್ಟು ಒಳ್ಳೆಯ ಪರಿಹಾರ ಬೇರೆ ಯಾವ ಆ್ಯಪ್‌ನಲ್ಲೂ ನಾನು ಕಂಡಿಲ್ಲ. ಮಾತಾಡಿದ ಮೇಲೆ ಕೈಯಲ್ಲಿ ಏನೋ ಒಂದು ಉಳಿಯುತ್ತದೆ, ಮುಂದಿನ ವರ್ಷ ಆಟಿ ಅಮಾವಾಸ್ಯೆಗೆ ಮೊಬೈಲ್‌ನಲ್ಲಿ ಹುಡುಕುವ ಯಾರೋ ಗುರುತಿಲ್ಲದವರಿಗೆ ಅದು ಸಿಗುತ್ತದೆ.

ಇಂಥ ಮಾತುಕತೆ ಸುಮ್ನೆ ಆಗೋದಿಲ್ಲ. ಅದರ ಹಿಂದೆ ಕೆಲವು ಕಟ್ಟುಪಾಡುಗಳಿವೆ. ಎದುರಿನವರ ಉದ್ದೇಶ ಒಳ್ಳೆಯದೇ ಅಂತ ಮೊದಲು ನಂಬಿ ಮಾತು ಶುರು ಮಾಡಬೇಕು. ಬರಹದ ಬಗ್ಗೆ ಮಾತಾಡಬೇಕು, ಬರೆದವರ ಬಗ್ಗೆ ಅಲ್ಲ. ಹೊಸಬರ ಮೇಲೆ ಹರಿಹಾಯಬಾರದು. ಪ್ರತಿ ಮಾತಿನ ಕೆಳಗೆ ಸಹಿ ಇರಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ ಬೇರೆಯವರ ಬದಲಾವಣೆಯನ್ನು 24 ಗಂಟೆಯೊಳಗೆ 3ಕ್ಕಿಂತ ಹೆಚ್ಚು ಸಲ ಹಿಂದಕ್ಕೆ ತಿರುಗಿಸಿದರೆ (ರದ್ದು ಮಾಡಿ ಮೊದಲಿನ ಹಾಗೆ ಮಾಡಿದರೆ) ನಿಮ್ಮನ್ನು ಸ್ವಲ್ಪ ಹೊತ್ತು ಬರೆಯದ ಹಾಗೆ ತಡೆಯಬಹುದು, ನೀವು ಹೇಳುತ್ತಿರುವುದು ಸರಿಯೇ ಆಗಿದ್ದರೂ. ಹಟ ಬಿಟ್ಟು ಚರ್ಚೆ ಪುಟಕ್ಕೆ ಹೋಗಿ ಅಂತ ಅದರ ಅರ್ಥ. ಇನ್ನೊಂದು ವಿಷಯ, ಯಾವ ಪುಟದ ಹಳೆಯ ಆವೃತ್ತಿಯೂ ಕಳೆದುಹೋಗೋದಿಲ್ಲ. ಇತಿಹಾಸ ಅಂತ ಒತ್ತಿದರೆ ಮೊದಲ ದಿನದಿಂದ ಇವತ್ತಿನವರೆಗೆ ಎಲ್ಲ ಕಾಣುತ್ತದೆ. ಯಾರಾದರೂ ಪುಟ ಹಾಳು ಮಾಡಿದರೆ ಒಂದು ಕ್ಲಿಕ್ಕಿಗೆ ಸರಿ ಮಾಡಬಹುದು. ಹೀಗಿರುವಾಗ ಕೋಪ ಮಾಡಿಕೊಳ್ಳುವ ಅಗತ್ಯವೇ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಅಲ್ವಾ?

ಧನ್ಯವಾದ ಹೇಳುವ ಒಂದು ಗುಂಡಿಯೂ ಇದೆ. ಇತಿಹಾಸದ ಪುಟದಲ್ಲಿ ಯಾರದ್ದಾದರೂ ಬದಲಾವಣೆ ಇಷ್ಟವಾದರೆ ಅದರ ಪಕ್ಕದಲ್ಲೇ ಒತ್ತಬಹುದು. ಅವರಿಗೆ ಸೂಚನೆ ಹೋಗುತ್ತದೆ. ಯಾವ ಬದಲಾವಣೆಗೆ ಹೇಳಿದ್ದು ಅನ್ನೋದು ಬೇರೆಯವರಿಗೆ ಕಾಣೋದಿಲ್ಲ, ಲೇಖನದ ಕೆಳಗೆ ಅದರ ಸಂಖ್ಯೆಯೂ ಬರೋದಿಲ್ಲ. ಇಬ್ಬರ ನಡುವಿನ ಮಾತು ಅದು. ನನಗೆ ಈ ಚಿಕ್ಕ ವ್ಯವಸ್ಥೆ ತುಂಬಾ ಮೆಚ್ಚುಗೆ. ಹೊಗಳಿಕೆ ಬೇಕು, ಎಲ್ಲರಿಗೂ ಬೇಕು, ಆದರೆ ಅದನ್ನು ಎಣಿಸೋಕೆ ಶುರು ಮಾಡಿದರೆ ಬರವಣಿಗೆ ಕೆಡುತ್ತದೆ.

ಸೃಜನಶೀಲತೆಗೆ ಅಲ್ಲಿ ಜಾಗ ಎಲ್ಲಿದೆ ಅಂತ ಕೆಲವರು ಕೇಳುತ್ತಾರೆ. ಕತೆ ಬರೆಯುವ ಹಾಗಿಲ್ಲ, ಕವಿತೆ ಹಾಕುವ ಹಾಗಿಲ್ಲ, ಸ್ವಂತ ಅಭಿಪ್ರಾಯ ಹೇಳುವ ಹಾಗೂ ಇಲ್ಲ. ನಿಜ. ಆದರೆ ಒಮ್ಮೆ ಕೂತು ನಿಮ್ಮ ಊರಿನ ಕೆರೆಯ ಬಗ್ಗೆ ಐದು ವಾಕ್ಯ ಬರೆಯಿರಿ, ‘ಸುಂದರವಾದ’, ‘ಪ್ರಸಿದ್ಧವಾದ’, ‘ಐತಿಹಾಸಿಕ’ ಅನ್ನುವ ಪದಗಳನ್ನು ಬಿಟ್ಟು. ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಕೆರೆ ಎಲ್ಲಿದೆ, ನೀರು ಎಲ್ಲಿಂದ ಬರುತ್ತದೆ, ಏರಿ ಎಷ್ಟು ಉದ್ದ, ತೂಬು ಯಾವ ಕಡೆ, ಶಾಸನ ಇದೆಯಾ, ಇದ್ದರೆ ಯಾವ ಸಂಪುಟದಲ್ಲಿ ಅಚ್ಚಾಗಿದೆ? ಇಷ್ಟು ತಿಳಿದುಕೊಳ್ಳೋಕೆ ಕೆರೆಯ ಹತ್ತಿರ ಹೋಗಬೇಕು, ಕೆರೆ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿಯನ್ನು ಮಾತಾಡಿಸಬೇಕು, ತಾಲ್ಲೂಕಿನ ಲೈಬ್ರರಿಗೆ ಹೋಗಬೇಕು. ನೀರುಗಂಟಿ ಹೇಳಿದ್ದನ್ನು ನೇರವಾಗಿ ಲೇಖನಕ್ಕೆ ಹಾಕೋಕೆ ಬರೋದಿಲ್ಲ, ಅಚ್ಚಾದ ಮೂಲವೇ ಬೇಕು, ಆದರೆ ಯಾವ ಪುಸ್ತಕದಲ್ಲಿ ಏನು ಹುಡುಕಬೇಕು ಅಂತ ಅವನ ಮಾತಿನಿಂದಲೇ ಹೊಳೆಯುತ್ತದೆ. ಇಂಟರ್‌ನೆಟ್‌ನಲ್ಲಿ ಕೆಲಸ ಮಾಡೋಕೆ ಇಂಟರ್‌ನೆಟ್ ಬಿಟ್ಟು ಹೊರಗೆ ಹೋಗಬೇಕಾಗುತ್ತದೆ ನೋಡಿ, ಅದು ನನಗೆ ಇದರಲ್ಲಿ ಸಿಕ್ಕ ದೊಡ್ಡ ಲಾಭ.

ಬರೆಯೋದು ಬೇಡ ಅನ್ನುವವರಿಗೆ ಫೋಟೋ ಇದೆ. ವಿಕಿಮೀಡಿಯ ಕಾಮನ್ಸ್ ಅಂತ ಇನ್ನೊಂದು ತಾಣ ಇದೆ, 2004ರಲ್ಲಿ ಶುರುವಾದದ್ದು. ಒಂದೇ ಖಾತೆಯಲ್ಲಿ ಅದಕ್ಕೂ ಹೋಗಬಹುದು. ನೀವೇ ತೆಗೆದ ಫೋಟೋ ಹಾಕಿ, ಅನುಮತಿ ಇಲ್ಲದೆ ಎಲ್ಲಿಂದಲೋ ಇಳಿಸಿಕೊಂಡದ್ದನ್ನು ಹಾಕಿದರೆ ಅಳಿಸುತ್ತಾರೆ. ಅಲ್ಲಿ ಹಾಕಿದ ಚಿತ್ರವನ್ನು ಯಾವ ಭಾಷೆಯ ವಿಕಿಪೀಡಿಯದಲ್ಲಾದರೂ ಬಳಸಬಹುದು. ಹಂಪಿ, ಬೇಲೂರು, ಮೈಸೂರು ಅರಮನೆಗೆ ಬೇಕಾದಷ್ಟು ಫೋಟೋ ಇವೆ. ನಮಗೆ ಬೇಕಾದದ್ದು ರಾಗಿ ಕಣ, ಒನಕೆ, ಕಂಬಳಿ ನೇಯುವ ಮಗ್ಗ, ಜೋಳದ ರೊಟ್ಟಿ ತಟ್ಟುವ ಕೈ, ನಿಮ್ಮೂರಿನ ಬಸ್ ಸ್ಟ್ಯಾಂಡ್. ಇನ್‌ಸ್ಟಾಗ್ರಾಮ್‌ಗೆ ಫೋಟೋ ತೆಗೆಯುವಾಗ ಚಂದ ನೋಡುತ್ತೇವೆ. ಇಲ್ಲಿಗೆ ತೆಗೆಯುವಾಗ ವಸ್ತು ಪೂರ್ತಿ ಕಾಣುತ್ತಾ, ಅದು ಏನು ಅಂತ ನೋಡಿದವರಿಗೆ ಅರ್ಥವಾಗುತ್ತಾ ಅಂತ ನೋಡುತ್ತೇವೆ. ಮಗ್ಗವನ್ನು ಆ ಕಣ್ಣಿನಿಂದ ನೋಡಿದರೆ ಅದು ಕೆಲಸ ಮಾಡುವ ರೀತಿಯೇ ತಿಳಿಯೋಕೆ ಶುರುವಾಗುತ್ತದೆ.

ವಿಕಿಸೋರ್ಸ್ ಅನ್ನುವುದು ಇನ್ನೂ ಶಾಂತವಾದ ಜಾಗ. ಹಳೆಯ ಪುಸ್ತಕಗಳ ಸ್ಕ್ಯಾನ್ ಒಂದು ಕಡೆ, ಕಂಪ್ಯೂಟರ್ ಓದಿದ ಪಠ್ಯ ಇನ್ನೊಂದು ಕಡೆ. ಕಂಪ್ಯೂಟರ್‌ಗೆ ನಮ್ಮ ಒತ್ತಕ್ಷರ ಪೂರ್ತಿ ಸರಿಯಾಗಿ ಓದೋಕೆ ಬರೋದಿಲ್ಲ, ನಾವು ನೋಡಿ ತಿದ್ದಬೇಕು. ಪುಟ ಮೊದಲು ಕೆಂಪು, ಒಬ್ಬರು ತಿದ್ದಿದ ಮೇಲೆ ಹಳದಿ, ಇನ್ನೊಬ್ಬರು ಮತ್ತೊಮ್ಮೆ ನೋಡಿದ ಮೇಲೆ ಹಸಿರು. ತಿದ್ದಿದವರೇ ಹಸಿರು ಮಾಡುವ ಹಾಗಿಲ್ಲ, ಎರಡನೆಯ ಕಣ್ಣು ಬೇಕೇ ಬೇಕು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಲ್ಲಿ, ಅಂದರೆ ಯಾರು ಬೇಕಾದರೂ ಬಳಸುವ ಹಾಗೆ, ಕೊಟ್ಟಿತು, ಅವು ವಿಕಿಸೋರ್ಸ್‌ಗೆ ಬಂದಿವೆ. ನಿವೃತ್ತ ಮೇಷ್ಟ್ರುಗಳಿಗೆ, ಕಾಗುಣಿತ ತಪ್ಪು ಕಂಡರೆ ಸುಮ್ಮನೆ ಇರಲಾರದವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ. ದಿನಕ್ಕೆ ಒಂದು ಪುಟ ಮಾಡಿದರೂ ಸಾಕು, ಪುಟ ಮುಗಿದರೆ ಎದ್ದು ಹೋಗಬಹುದು.

ಹಾಗಂತ ಇಲ್ಲಿ ಚಟ ಹತ್ತೋದೇ ಇಲ್ಲ ಅಂತ ಹೇಳೋಕೆ ಆಗೋದಿಲ್ಲ. ಹತ್ತುತ್ತದೆ. ವೀಕ್ಷಣಾಪಟ್ಟಿ ಅಂತ ಒಂದಿದೆ, ನೀವು ಗುರುತು ಹಾಕಿದ ಪುಟದಲ್ಲಿ ಯಾರು ಏನು ಬದಲಿಸಿದರೂ ಅಲ್ಲಿ ಕಾಣುತ್ತದೆ. ಅದನ್ನು ಹತ್ತು ನಿಮಿಷಕ್ಕೊಮ್ಮೆ ತೆರೆದು ನೋಡೋಕೆ ಶುರು ಮಾಡಿದರೆ ಅದೂ ಇನ್‌ಸ್ಟಾಗ್ರಾಮ್ ಆಗುತ್ತದೆ. ಎಷ್ಟು ಬದಲಾವಣೆ ಮಾಡಿದೆ ಅನ್ನುವ ಸಂಖ್ಯೆಯೂ ಸಿಗುತ್ತದೆ, ಕೆಲವರು ಅದರ ಹಿಂದೆ ಬೀಳುತ್ತಾರೆ. ಲೇಖನ ಬರೆಯುವ ಸ್ಪರ್ಧೆಗಳು ಬಂದಾಗ ಇದು ಇನ್ನೂ ಜಾಸ್ತಿ. ಸಂಖ್ಯೆಗೋಸ್ಕರ ಮೂರು ಸಾಲಿನ ಲೇಖನಗಳು ರಾಶಿ ಬೀಳುತ್ತವೆ, ಸ್ಪರ್ಧೆ ಮುಗಿದ ಮೇಲೆ ಅವುಗಳನ್ನು ಮುಟ್ಟುವವರು ಇರೋದಿಲ್ಲ. ಇದು ನನಗೆ ಬೇಸರದ ವಿಷಯ. ಸ್ಪರ್ಧೆ ಬೇಕಿದ್ದರೆ ಹಳೆಯ ಲೇಖನ ಸುಧಾರಿಸುವ ಸ್ಪರ್ಧೆ ಇಡಲಿ.

ಆದರೆ ಆ ಸಮುದಾಯ ಇದನ್ನು ಬಚ್ಚಿಟ್ಟಿಲ್ಲ. ವಿಕಿಪೀಡಿಯ ಚಟದ ಬಗ್ಗೆ ಇಂಗ್ಲಿಷ್ ವಿಕಿಪೀಡಿಯದ ಒಳಗೇ ಬರಹಗಳಿವೆ. ಯಾವುದಕ್ಕೂ ಗಡುವಿಲ್ಲ, ಆತುರ ಬೇಡ ಅನ್ನುವ ಬರಹವೂ ಇದೆ. ಅಲ್ಲಿ ಬಳಕೆದಾರರೇ ಮಾಡಿದ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಇದೆ. ಇಂಥ ದಿನದವರೆಗೆ ನನಗೆ ರಜೆ ಅಂತ ನೀವೇ ದಿನಾಂಕ ಹಾಕಿಟ್ಟರೆ ಅಲ್ಲಿಯವರೆಗೆ ಲಾಗಿನ್ ಆದ ಕೂಡಲೇ ಅದು ನಿಮ್ಮನ್ನು ಹೊರಗೆ ಕಳಿಸುತ್ತದೆ. ಪರೀಕ್ಷೆ ಹತ್ತಿರ ಬಂದ ವಿದ್ಯಾರ್ಥಿಗಳಿಗೆ ಇಂಥದ್ದು ಬೇಕು. ಬಳಕೆದಾರರನ್ನು ಹೊರಗೆ ಕಳಿಸುವ ಸಾಧನ ಇಟ್ಟುಕೊಂಡ ಜಾಲತಾಣ ಬೇರೆ ಯಾವುದಿದೆ? ನಾನಂತೂ ಇಮೇಲ್ ಸೂಚನೆಗಳನ್ನು ಸೆಟ್ಟಿಂಗ್‌ನಲ್ಲಿ ಪೂರ್ತಿ ಆಫ್ ಮಾಡಿದ್ದೇನೆ, ನನ್ನ ಚರ್ಚೆ ಪುಟಕ್ಕೆ ಯಾರಾದರೂ ಬರೆದರೆ ಬರುವುದನ್ನು ಮಾತ್ರ ಬಿಟ್ಟು. ನೀವೂ ಮೊದಲ ದಿನವೇ ಹಾಗೆ ಮಾಡಿ.

ಇನ್ನು ಕೊರತೆಗಳು. ಎಲ್ಲಕ್ಕಿಂತ ದೊಡ್ಡದು ಜನ ಇಲ್ಲ ಅನ್ನೋದು. ಪುಟ ಅಳಿಸುವ, ತೊಂದರೆ ಕೊಡುವವರನ್ನು ತಡೆಯುವ ಅಧಿಕಾರ ಇರುವ ನಿರ್ವಾಹಕರು ಬೆರಳೆಣಿಕೆಯಷ್ಟು, ನಿಯಮಿತವಾಗಿ ಬರೆಯುವವರೂ ಕಡಿಮೆ. ಮೇಲೆ ಹೇಳಿದ ಹಾಲೆ ಮರದಂಥ ಮಾತುಕತೆ ನಡೆಯಬೇಕಾದರೆ ಎದುರಿಗೆ ಇನ್ನೊಬ್ಬರು ಬೇಕಲ್ಲ. ಎಷ್ಟೋ ಚರ್ಚೆ ಪುಟಗಳು ಖಾಲಿ ಇವೆ, ಕೇಳಿದ ಪ್ರಶ್ನೆಗೆ ತಿಂಗಳುಗಟ್ಟಲೆ ಉತ್ತರ ಬರದೆ ಇರಬಹುದು. ಅಂಥ ಹೊತ್ತಿಗೆ ಅರಳಿ ಕಟ್ಟೆ ಅನ್ನುವ ಪುಟ ಇದೆ, ಎಲ್ಲರೂ ಸೇರುವ ಜಾಗ ಅದು, ಅಲ್ಲಿ ಕೇಳಿದರೆ ಉತ್ತರ ಸಿಗುವ ಸಾಧ್ಯತೆ ಜಾಸ್ತಿ. ಜನ ಕಡಿಮೆ ಇರೋದರಿಂದ ಇನ್ನೊಂದು ತೊಂದರೆ ಇದೆ. ತಪ್ಪು ಮಾಹಿತಿ ಬಂದರೂ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಉಳಿಯಬಹುದು. ಇಂಗ್ಲಿಷ್‌ನಲ್ಲಿ ನಿಮಿಷದಲ್ಲಿ ಸರಿಯಾಗುವ ತಪ್ಪು ಇಲ್ಲಿ ಯಾರಾದರೂ ಓದುವವರೆಗೆ ಕಾಯಬೇಕು.

ಹಳೆಯ ಅನುವಾದಗಳ ಹೊರೆಯೂ ಇದೆ. 2009ರಿಂದ 2011ರವರೆಗೆ ಗೂಗಲ್ ತನ್ನ ಅನುವಾದದ ಸಾಧನ ಬಳಸಿ, ಅನುವಾದಕರಿಗೆ ಹಣ ಕೊಟ್ಟು, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಇಂಗ್ಲಿಷ್ ಲೇಖನಗಳನ್ನು ತಂದಿತು. ಉದ್ದುದ್ದ ಲೇಖನಗಳು, ಓದೋಕೆ ಮಾತ್ರ ಕಷ್ಟ. ಇಂಗ್ಲಿಷ್ ವಾಕ್ಯವನ್ನು ಹಾಗೇ ಕನ್ನಡ ಪದಗಳಲ್ಲಿ ಇಳಿಸಿದ ಹಾಗಿವೆ. ಈಗ ಯಂತ್ರ ಅನುವಾದ ಇನ್ನೂ ಸುಲಭವಾಗಿದೆ, ಎಐ ಬಂದ ಮೇಲಂತೂ ಹತ್ತು ಸೆಕೆಂಡಿಗೆ ಒಂದು ಲೇಖನ ಸಿಗುತ್ತದೆ. ವಿಕಿಪೀಡಿಯದ ಅನುವಾದ ಸಾಧನದಲ್ಲಿ ಯಂತ್ರ ಕೊಟ್ಟದ್ದನ್ನು ತಿದ್ದದೆ ಹಾಕೋಕೆ ಹೊರಟರೆ ಎಚ್ಚರಿಕೆ ಬರುತ್ತದೆ. ಆದರೆ ಆ ಎಚ್ಚರಿಕೆಯನ್ನು ದಾಟುವ ದಾರಿ ಹುಡುಕುವುದು ಕಷ್ಟವೇನಲ್ಲ. ದಯವಿಟ್ಟು ಹುಡುಕಬೇಡಿ. ಎಐ ಕೊಟ್ಟದ್ದನ್ನು ತಂದು ಸುರಿಯುವುದಕ್ಕಿಂತ ಪುಟ ಇಲ್ಲದೇ ಇರುವುದೇ ಮೇಲು. ಇಲ್ಲದ ಪುಸ್ತಕವನ್ನು ಉಲ್ಲೇಖ ಅಂತ ಹಾಕಿಬಿಟ್ಟರೆ ಅದನ್ನು ಪತ್ತೆ ಮಾಡೋಕೆ ಇನ್ನೊಬ್ಬರ ಇಡೀ ಸಂಜೆ ಹೋಗುತ್ತದೆ, ಆ ಇನ್ನೊಬ್ಬರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ಆಗಲೇ ಹೇಳಿದೆ.

ತಾಣದ ಒಳಗಿನ ಕನ್ನಡವೂ ಸ್ವಲ್ಪ ಬಿಗಿ. ಯಾದೃಚ್ಛಿಕ ಪುಟ ಅಂದರೆ ಏನು ಅಂತ ಹೊಸಬರಿಗೆ ತಕ್ಷಣ ತಿಳಿಯೋದಿಲ್ಲ (ಒತ್ತಿದರೆ ಯಾವುದೋ ಒಂದು ಪುಟವನ್ನು ತಾನೇ ಆರಿಸಿ ತೋರಿಸುವ ಕೊಂಡಿ ಅದು). ಸಹಾಯ ಪುಟಗಳು ಕೆಲವು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಮೂಲ ಕೊಡೋದೂ ತಲೆನೋವೇ, ಕನ್ನಡದ ಎಷ್ಟೋ ಒಳ್ಳೆಯ ಪುಸ್ತಕಗಳು ಆನ್‌ಲೈನ್‌ನಲ್ಲಿ ಇಲ್ಲ. ಆದರೆ ಉಲ್ಲೇಖಕ್ಕೆ ಲಿಂಕ್ ಬೇಕೇ ಬೇಕು ಅಂತ ಇಲ್ಲ. ಅಚ್ಚಾದ ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ವರ್ಷ, ಪುಟ ಸಂಖ್ಯೆ ಕೊಟ್ಟರೆ ಸಾಕು. ಮನೆಯ ಕಪಾಟಿನಲ್ಲಿ ಊರಿನ ಸ್ಮರಣ ಸಂಚಿಕೆ, ಜಿಲ್ಲಾ ಗ್ಯಾಸೆಟಿಯರ್ ಇಟ್ಟುಕೊಂಡವರು ಇಲ್ಲಿ ದೊಡ್ಡ ಶ್ರೀಮಂತರು.

ಒಂದು ಮಾತು ಖಾತೆ ತೆರೆಯುವ ಮುಂಚೆಯೇ ಗೊತ್ತಿರಲಿ. ಇಲ್ಲಿ ಬರೆದದ್ದನ್ನು ಯಾರು ಬೇಕಾದರೂ, ಮೂಲ ಹೇಳಿ, ಅದೇ ಪರವಾನಗಿಯಲ್ಲಿ (ಅಂದರೆ ತಮ್ಮದನ್ನೂ ಬೇರೆಯವರು ಹೀಗೇ ಬಳಸೋಕೆ ಬಿಟ್ಟು) ಮತ್ತೆ ಬಳಸಬಹುದು. ವ್ಯಾಪಾರಕ್ಕೂ ಬಳಸಬಹುದು. ಆಮೇಲೆ ಬೇಡ ಅಂತ ಹಿಂದಕ್ಕೆ ಪಡೆಯೋಕೆ ಬರೋದಿಲ್ಲ. ಅದಕ್ಕೆ ಮನಸ್ಸು ಒಪ್ಪದಿದ್ದರೆ ನಿಮ್ಮ ಒಳ್ಳೆಯ ಫೋಟೋಗಳನ್ನು ಇಲ್ಲಿಗೆ ತರಬೇಡಿ.

ಯಾರಿಗೆ ಇದು ಬೇಡ? ತಮ್ಮ ಬಗ್ಗೆ, ತಮ್ಮ ಕಂಪನಿಯ ಬಗ್ಗೆ, ತಮ್ಮ ಸಾಹೇಬರ ಬಗ್ಗೆ ಪುಟ ಮಾಡಬೇಕು ಅಂತ ಬರುವವರಿಗೆ ಬೇಡ. ಅಳಿಸುತ್ತಾರೆ, ಅಳಿಸಲೇಬೇಕು. ಬರೆದ ವಾಕ್ಯವನ್ನು ಬೇರೆಯವರು ಮುಟ್ಟಿದರೆ ನೋವಾಗುವವರಿಗೂ ಕಷ್ಟ. ಮಕ್ಕಳಿಗೆ? ಹೈಸ್ಕೂಲಿನ ಮಕ್ಕಳಿಗೆ ನಾನು ಧೈರ್ಯವಾಗಿ ಹೇಳುತ್ತೇನೆ, ದೊಡ್ಡವರು ಪಕ್ಕದಲ್ಲಿ ಕೂತಿರಬೇಕು ಅಷ್ಟೇ. ಹೆಸರು, ಶಾಲೆ, ವಯಸ್ಸು, ಫೋನ್ ನಂಬರ್ ಯಾವುದನ್ನೂ ತಮ್ಮ ಪುಟದಲ್ಲಿ ಬರೆಯಬಾರದು. ಅದೊಂದು ನೋಡಿಕೊಂಡರೆ, ಹೇಳಿದ ಮಾತಿಗೆ ಆಧಾರ ಕೊಡಬೇಕು ಅನ್ನುವ ಅಭ್ಯಾಸ ಆ ವಯಸ್ಸಿಗೇ ಬರುತ್ತದೆ. ಪ್ರಾಜೆಕ್ಟ್‌ಗೆ ಅಂತ ವಿಕಿಪೀಡಿಯದಿಂದ ನಕಲು ಮಾಡಿಸುವ ಬದಲು ವಿಕಿಪೀಡಿಯಕ್ಕೆ ಒಂದು ಪ್ಯಾರಾ ಬರೆಸಿ ನೋಡಿ, ಮೇಡಂಗಳೇ, ಸರ್‌ಗಳೇ. ಹೊರದೇಶದಲ್ಲಿರುವ ಕನ್ನಡಿಗರಿಗೂ ಇದು ಹೇಳಿ ಮಾಡಿಸಿದ ಜಾಗ. ಕನ್ನಡ ಮಾತಾಡೋಕೆ ಮನೆಯವರು ಇರುತ್ತಾರೆ, ಕನ್ನಡದಲ್ಲಿ ಬರೆಯೋಕೆ ಕಾರಣ ಸಿಗೋದೇ ಕಡಿಮೆ.

ಶುರು ಮಾಡುವವರಿಗೆ ಇಷ್ಟು ಸಾಕು: ಖಾತೆ ತೆರೆದು ನಿಮ್ಮ ಊರಿನ ಹೆಸರು ಹುಡುಕಿ. ಪುಟ ಇದ್ದರೆ ಪೂರ್ತಿ ಓದಿ. ಹೋಬಳಿ ತಪ್ಪಾಗಿರಬಹುದು, ನದಿಯ ಹೆಸರು ಬಿಟ್ಟುಹೋಗಿರಬಹುದು, ಫೋಟೋ ಇಲ್ಲದಿರಬಹುದು. ಒಂದನ್ನು ಮಾತ್ರ ಸರಿ ಮಾಡಿ, ಯಾಕೆ ಮಾಡಿದೆ ಅಂತ ಕೆಳಗಿನ ಸಾರಾಂಶದ ಜಾಗದಲ್ಲಿ ಒಂದು ಸಾಲು ಬರೆದು ಪ್ರಕಟಿಸಿ. ಯಾರಾದರೂ ಅದನ್ನು ತಿರುಗಿಸಿದರೆ ಮತ್ತೆ ತಿರುಗಿಸೋಕೆ ಹೋಗಬೇಡಿ, ಚರ್ಚೆ ಪುಟದಲ್ಲಿ ನಮಸ್ಕಾರ ಹೇಳಿ ಕಾರಣ ಕೇಳಿ, ಒಂದು ವಾರ ಕಾದು ನೋಡಿ. ಉತ್ತರ ಬರದಿದ್ದರೆ ಅರಳಿ ಕಟ್ಟೆಗೆ ಬನ್ನಿ, ಅಲ್ಲಿ ಯಾರಾದರೂ ಒಬ್ಬರು ಇರುತ್ತೇವೆ.